ಇಪ್ಪತ್ತೆರಡನೆಯ ತಗಡು

ರಾಬರ್ಟ್‌ಸನ್‌ಪೇಟೆಯಿಂದ ಆಟೋ. ಸೈನೈಡ್ ಗುಡ್ಡದ ಬಿಳಿ ಧೂಳು
ಕನ್ನಡಕದ ಮೇಲೆ ಕೂತದ್ದನ್ನು ಸೆರಗಲ್ಲಿ ಒರೆಸಿಕೊಳ್ಳುತ್ತ
ಸವರಿಮುತ್ತು ಅವರ ಹಿತ್ತಿಲಿಗೆ ಹೋದೆ.
ಗಣಿಯ ಚಿನ್ನ ಪರೀಕ್ಷಿಸುವ ಮನೆಯಲ್ಲಿ ಮೂವತ್ತೊಂದು ವರ್ಷ
ಮೂಸೆಯ ಮುಂದೆ ಕಣ್ಣು ಸುಟ್ಟುಕೊಂಡವರು.
ಸತ್ತು ಈಗ ಎಂಟು ತಿಂಗಳು.
ಕ್ವಾರ್ಟರ್ಸ್ ಬಿಡಬೇಕು, ಗಿಡಗಳು ಕಾಲೇಜಿಗಿರಲಿ ಎಂದು
ಮಗಳು ಫಿಲೋಮಿನಾ ಫೋನು ಮಾಡಿದ್ದಳು.

ಅರವತ್ತಮೂರು ಗಿಡ. ಒಂದೊಂದರ ಕತ್ತಿಗೂ
ಕಾರ್ಬೈಡ್ ಡಬ್ಬಿ ಕತ್ತರಿಸಿದ ತಗಡು,
ಮೊಳೆಯಿಂದ ಚುಚ್ಚಿ ಚುಚ್ಚಿ ಬರೆದ ಹೆಸರು,
ಚುಕ್ಕಿಯಿಟ್ಟು ಎಳೆ ಹಾಕಲು ಮರೆತ ರಂಗೋಲಿಯ ಹಾಗೆ.
ಲ್ಯಾಟಿನ್ನಿನಲ್ಲಿ ಒಂದು ತಪ್ಪೂ ಇಲ್ಲ.
(ನಮ್ಮ ವಿಭಾಗದ ಬೋರ್ಡಿನಲ್ಲಿ ನಾಲ್ಕಿವೆ.)

ಮೂಲೆಯಲ್ಲಿ, ತೊಟ್ಟಿಯ ಪಕ್ಕ, ಅರ್ಧ ಡ್ರಮ್ಮಿನಲ್ಲಿ
ನನ್ನೆದೆಯ ಎತ್ತರಕ್ಕೆ ಇದೊಂದು.
ಹೆಸರಿಲ್ಲ.

"ಗೊಡ್ಡೀಚಲು ಮೇಡಂ," ಅಂದ ಮಾಲಿ ಯರ್ರಪ್ಪ.
"ಹೂ ಇಲ್ಲ, ಕಾಯಿಲ್ಲ. ಮದುವೆ ಚಪ್ಪರಕ್ಕೆ ಗರಿ ಕೊಡುತ್ತೆ, ಅಷ್ಟೆ."
ಸೂಜಿಗೆ ದಾರ ಪೋಣಿಸುತ್ತಿದ್ದ ಫಿಲೋಮಿನಾ
ತಲೆಯೆತ್ತಿ ಅವನನ್ನೊಮ್ಮೆ ನೋಡಿದಳು. ದಾರ ತಪ್ಪಿತು.

ಈಚಲಲ್ಲ. ಅಷ್ಟನ್ನಾದರೂ ಹೇಳಬಲ್ಲೆ.
ಗರಿಯ ಒಂದು ಬೆರಳನ್ನು ಬೆಳಕಿಗೆ ಹಿಡಿದೆ: ನಡುವೆ ಒಂದೇ ನರ.
ಹಾಗಾದರೆ ಸೈಕಾಸ್.
ಅಂಚು ಕೆಳಕ್ಕೆ ಸುರುಳಿದ್ದರೆ ಜಪಾನಿನದು, ಎಲ್ಲ ಬ್ಯಾಂಕಿನ ಮುಂದೆಯೂ ಇರುವಂಥದು;
ಚಪ್ಪಟೆಯಾಗಿದ್ದರೆ ಘಟ್ಟದ ಕಾಡಿನದು.
ಇದರ ಅಂಚು ಸುರುಳಿದೆಯೋ, ಇಲ್ಲವೋ,
ಇಸ್ತ್ರಿ ಅರ್ಧವಾದಾಗ ಕರೆಂಟು ಹೋದ ಅಂಗಿ.
ತಿರುಪತಿ ಬೆಟ್ಟಸಾಲಿನದೇ ಒಂದು ಜಾತಿಯಿದೆಯಲ್ಲ, ಅದೇ?
ಯರ್ರಪ್ಪನ ಅತ್ತೆಮನೆ ಆ ಕಡೆ. "ಪೇರೀತ ಅಂತಾರೆ ನಮ್ಮೋರು."
ಶಂಕು ಬಿಡದೆ, ಗಂಡೋ ಹೆಣ್ಣೋ ತಿಳಿಯದೆ
ಪುಸ್ತಕ ಯಾವುದಕ್ಕೂ ಸಹಿ ಹಾಕುವುದಿಲ್ಲ.

ಕಾಂಡಕ್ಕೆ ಬಂದೆ. ಉದುರಿದ ಗರಿಗಳ ಬುಡ ಸುತ್ತುಸುತ್ತಾಗಿ,
ತಾಮ್ರದ ಕೊಡದ ಮೇಲೆ ಸುತ್ತಿಗೆಯ ಗುರುತು.
ಮೊಣಕಾಲೂರಿ ಕೆಳಗಿನಿಂದ ಎಣಿಸುತ್ತ ಬಂದೆ.
ನಡುವೆ ಒಂದು ಕಡೆ ಥಟ್ಟನೆ ಸಣ್ಣಗಾಗಿದೆ,
ಉಡಿದಾರ ಬಿಗಿಯಾದ ಮಗುವಿನ ಸೊಂಟದಂತೆ.
ನಾಲ್ಕು ಸುತ್ತು ಹಾಗೇ. ಆಮೇಲೆ ಮತ್ತೆ ದಪ್ಪ.

"ಗಣಿ ಮುಚ್ಚಿದಾಗ," ಅಂದಳು, ಕೇಳದೆಯೇ.
"ನಲ್ಲಿ ನಿಂತುಹೋಯಿತು. ಪಾತ್ರೆ ತೊಳೆದ ನೀರು ಇದಕ್ಕೆ,
ಅಕ್ಕಿ ತೊಳೆದದ್ದು ಆರ್ಕಿಡ್ಡಿಗೆ.
ನನ್ನ ಯೂನಿಫಾರ್ಮನ್ನು ಒಳಗೆ ಹಿಡಿದು ಹೊಲಿದದ್ದೂ ಆ ವರ್ಷವೇ."

ಗರಿಗಳ ಬುಡಕ್ಕೆ ಕೈ ಹಾಕಿದೆ. ಮುಳ್ಳು ತರಚಿತು.
ತಂತಿ ಸಿಕ್ಕಿತು. ತಂತಿಯ ತುದಿಗೆ ತಗಡು.
ಉಗುಳು ಹಚ್ಚಿ ಉಜ್ಜಿ ಬಿಸಿಲಿಗೆ ತಿರುಗಿಸಿದೆ:
ಮೂಲೆಯಲ್ಲಿ ೨೨. ಉಳಿದದ್ದು ಬರಿದು.
ಒಂದು ಚುಕ್ಕಿಯೂ ಇಲ್ಲ.

ಕಳಚಿ ಬಿದ್ದಿರಲಿಲ್ಲ ಹಾಗಾದರೆ. ಮರೆತಿರಲೂ ಇಲ್ಲ.

ಒಳಗಿನಿಂದ ಹಳೇ ರಿಜಿಸ್ಟರು ತಂದಳು,
ಔನ್ಸು, ಪೆನ್ನಿವೆಯಿಟ್ಟು ಎಂಬ ಕಾಲಮ್ಮುಗಳ ಕೆಳಗೆ ಗಿಡಗಳು.
ಇಪ್ಪತ್ತೆರಡರ ಮುಂದೆ ತಮಿಳಿನಲ್ಲಿ ಒಂದೇ ಮಾತು.
ಅವಳೇ ಓದಿ ಹೇಳಿದಳು: "ಕೇಳಬೇಕು."
ಅದರ ಕೆಳಗೆ ಬೇರೆ ಬೇರೆ ಶಾಯಿಯಲ್ಲಿ ವರ್ಷ.
ಎಂಬತ್ತೆಂಟು. ತೊಂಬತ್ತೈದು. ಎರಡು ಸಾವಿರದ ಒಂಬತ್ತು.
ಕೊನೆಯದು ಪೆನ್ಸಿಲ್ಲಿನದು, ಕೈ ನಡುಗಿದೆ.

ಕರಗಿಸಿ, ಉಳಿದದ್ದನ್ನು ತೂಗದೆ
ಚಿನ್ನವೆಂದು ಬರೆಯದ ಕೈ.
ನಾನೋ, ಹೋದ ವರ್ಷ ನ್ಯಾಕ್ ಸಮಿತಿ ಬರುವ ಹಿಂದಿನ ರಾತ್ರಿ
ಕಾಲೇಜು ತೋಟದ ಹನ್ನೊಂದು ಗಿಡಗಳಿಗೆ
ಟಾರ್ಚು ಹಿಡಿದು ಅಂದಾಜಿನ ಮೇಲೆ ನಾಮಕರಣ ಮಾಡಿದವಳು.
ಅವರು ಫೋಟೋ ತೆಗೆದುಕೊಂಡು ಹೋದರು.

ಸಂಜೆ ಟೆಂಪೋ. ಡ್ರಮ್ಮನ್ನು ತಬ್ಬಿ ಕೂತ ಯರ್ರಪ್ಪನ ತಲೆಗೆ
ಗರಿಗಳೇ ಚಪ್ಪರ. ಗೇಟಿನವನು ಪಾಸು ಮುಂದಿಟ್ಟ.
ಬರೆದೆ: ಗಿಡ, ಒಂದು.
"ಯಾವ ಗಿಡ? ಹೆಸರು ಹಾಕಿ ಮೇಡಂ."
"ಕೇಳಬೇಕು," ಅಂದೆ.
"ಯಾರನ್ನ?" ಅಂದ.
ಅಷ್ಟರಲ್ಲಿ ಹಿಂದಿನ ಲಾರಿ ಹಾರ್ನು ಹೊಡೆಯಿತು.