ಅರ್ಧ ತಾಸು ಆಫ್ ಮಾಡಬ್ಯಾಡ್ರಿ

ರಾತ್ರಿ ಎರಡೂ ಹತ್ತಕ್ಕ ಫೋನ್ ನಡುಗಿತು.
ಬಿಕೆಸಿ, ಕನ್ನಡಿ ಕಟ್ಟಡಗಳ ಹಿಂದ,
ಮೀಠಿ ನದಿ ಕಡೆ ಮುಖ ಮಾಡಿ ನಿಂತ ಬಿಳಿ ವ್ಯಾಗನಾರ್.
ತಕರಾರು: ಗಾಡಿ ಚಾಲೂ ಆಗವಲ್ದು.
ಗ್ರಾಹಕರು: ಜಯಶೀಲ ಕರ್ಕೇರ.
ಕುರ್ಲಾದಾಗ ಬುರ್ಜಿ-ಪಾವ್ ಅರ್ಧ ತಿಂದಿದ್ದೆ.
ಉಳಿದರ್ಧ ಕಾಗದದಾಗ ಸುತ್ತಿ ಕಿಸೆದಾಗಿಟ್ಟು
ಬೈಕಿನ ಹಿಂದಿನ ಡಬ್ಬಿ ಒಮ್ಮೆ ತಟ್ಟಿ ಹೊಂಟೆ:
ಒಳಗ ಕೇಬಲ್ಲು, ಪಂಕ್ಚರ್ ಬತ್ತಿ, ಮೂರು ಲೀಟರ್ ಪೆಟ್ರೋಲು,
ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ.

ಜಯಶೀಲ ಇರಲಿಲ್ಲ.
ಸ್ಟೇರಿಂಗ್ ಹಿಂದ ಅರವತ್ತರ ಹೆಣ್ಮಗಳು,
ನೈಟಿ ಮ್ಯಾಲ ಗಂಡಸರ ಅಂಗಿ, ಮೂಗಿನ ತುದಿಗಿ ಚಷ್ಮಾ,
ಎತ್ತರ ಸಾಲದಂತ ಕೆಳಗ ದಿಂಬು.
ಲೈಟು ಹಚ್ಚಿಟ್ಟು, ಇಂಜಿನ್ ಆರಿಸಿ, ಫ್ಲಾಸ್ಕಿನ ಕಷಾಯ ಕುಡದಾರ.
ಅವರು ಕಷಾಯ ಕುಡಿಯೂತನಕ
ಲೈಟು ಬ್ಯಾಟರಿ ಕುಡದದ.

ಹಿಂದಿಯೊಳಗ ಓಟಿಪಿ ಕೇಳಿದೆ. ಮಾತಿಲ್ಲ.
ಅಷ್ಟರಾಗ ಆಫೀಸಿನ ಫೋನು, ಡೆಸ್ಕಿನ್ಯಾಗ ನಮ್ಮೂರ ಹುಡುಗ.
‘ಮುಟ್ಟೀನಪಾ, ನೋಡಾಕತ್ತೀನಿ’ ಅಂದೆ.
‘ಅಯ್ಯೋ, ಕನ್ನಡವಾ ನಿಮ್ಮದು!’
ಕಳಕೊಂಡ ಚಪ್ಪಲಿ ಸಿಕ್ಕವರಂಗ ಅಂದರು ಅಮ್ಮಾರು.
ನಂದು ಮೈಂದರ್ಗಿ ಕನ್ನಡ, ಅವರದು ಮಲ್ಪೆದು.
ನಡುವ ಎಷ್ಟು ನಾಕಾ ಅದಾವೋ,
ಯಾರೂ ಟೋಲ್ ಕೇಳಲಿಲ್ಲ.

‘ಓಟಿಪಿ ಅವರ ಮೊಬೈಲಿಗೆ ಹೋಗ್ತದೆ ಮಾರಾಯ.
ಟಿಂಗ್ ಅಂದ್ರೆ ಸಾಕು, ಎಚ್ಚರ.
ಎದ್ದರೆ ಪಕ್ಕದಲ್ಲಿ ನಾನಿಲ್ಲ, ಕೆಳಗೆ ಕಾರಿಲ್ಲ.
ಯಾವುದಕ್ಕೆ ಮೊದಲು ಬೊಬ್ಬೆ ಹಾಕ್ತಾರೆ ಅಂತ
ನನಗೆ ಗೊತ್ತುಂಟು.’

ಹದಿನೈದು ಕ್ಲಾಸು, ಭಜನಾ ಮಂಡಳಿಯ ಹೆಸರಿನ್ಯಾಗ.
ಲೈಸೆನ್ಸು ಕುಚ್ಚಲಕ್ಕಿ ಡಬ್ಬಿಯೊಳಗ.
ಮಂಗಳವಾರ, ಶುಕ್ರವಾರ, ಒಂದರಿಂದ ಎರಡೂವರೆ.
‘ಹಗಲಿಗೆ ಈ ರಸ್ತೆ ಬ್ಯಾಂಕಿನವರದ್ದು.
ರಾತ್ರಿಗೆ ನನ್ನದು, ಮತ್ತೆ ನಾಯಿಗಳದ್ದು.’

ಓಟಿಪಿ ಇಲ್ದ ಕೆಲಸ, ಕಂಪನಿ ಲೆಕ್ಕದಾಗ ಕೆಲಸಲ್ಲ.
ನೂರಾ ಎಂಬತ್ತು ರೂಪಾಯಿ ಹೋತು.
ಕಾರ್ಡಿನ ಹಿಂದ ಇರುವಿ ಸಾಲಿನಂಗ ಬರದಾರ:
ಕೀಲಿ ಒಳಗ ಬಿಟ್ಟರ ನಡೀತದ,
ಡೀಸೆಲ್ ಗಾಡಿಗಿ ಪೆಟ್ರೋಲ್ ಹಾಕಿದರ ನಡೀತದ,
ಮಳಿನೀರಾಗ ಮುಳುಗಿದರ ಎಳಕೊಂಡು ಹೋಗ್ತೀವಿ.
ಗಂಡಗ ಹೇಳದ ಬಂದರ—
ಆ ಕಲಮು ನಾನಂತೂ ಕಂಡಿಲ್ಲ.
ಬಾನೆಟ್ ತಗೀರಿ, ಅಂದೆ.
‘ಅದು ಎಲ್ಲಿ ಉಂಟು?’

ಕೆಂಪಿಗೆ ಕೆಂಪು. ಕರಿದು ಕಬ್ಬಿಣಕ್ಕ.
ಚಟ್ ಅಂತ ಒಂದು ಕಿಡಿ.
ಗಾಡಿ ಕೆಮ್ಮಿತು, ಮತ್ತ ಕೆಮ್ಮಿತು, ಹಿಡೀತು.
ಎದುರಿನ ಕನ್ನಡಿ ಕಟ್ಟಡದೊಳಗ
ಇನ್ನೊಂದು ವ್ಯಾಗನಾರ್ ಕಣ್ಣು ತೆರೀತು.

‘ಅರ್ಧ ತಾಸು ಆಫ್ ಮಾಡಬ್ಯಾಡ್ರಿ.’
‘ಕಲೀನಾಕ್ಕೆ ಏಳೇ ನಿಮಿಷ.’
‘ಹಂಗಾರ ಇಪ್ಪತ್ತಮೂರು ಹೆಚ್ಚಿಗಿ ಹೊಡೀರಿ. ಹೈವೇ ಹಿಡೀರಿ.’
‘ಹೈವೇಗೆ ಹೋದದ್ದೇ ಇಲ್ಲ ನಾನು.
ನನಗೆ ರಿವರ್ಸ್ ಬೇರೆ ಬರುವುದಿಲ್ಲ.’
‘ಅಲ್ಲಿ ಯಾರಿಗೂ ಬೇಕಾಗೂದಿಲ್ರಿ.
ಯೂ-ಟರ್ನ್ ಸೈತ ಮುಂದಕ್ಕ ಹೋಗೂದು.’

ಫ್ಲಾಸ್ಕಿನ ಮುಚ್ಚಳದಾಗ ಕಷಾಯ ಕೊಟ್ಟರು,
ಮೆಣಸು ಗಂಟಲಿಗೆ ಹತ್ತಿತು.
ನೂರರ ನೋಟು ಕೊಟ್ಟರು, ತಗೊಂಡೆ.
ಬ್ಯಾಡ ಅನ್ನಾಕ ನಾನೇನು ಸಂತ ಅಲ್ಲ.

ಕಲೀನಾ ತಿರುವಿನ್ಯಾಗ ಇಂಡಿಕೇಟರ್ ಹಾಕಿದರು.
ತಿರುಗಲಿಲ್ಲ.
ಅದು ಹಂಗ ಮಿಣಮಿಣ ಅನಕೋತ
ಸೀದಾ ಹೋತು.

‘ಗ್ರಾಹಕರು ಸಿಗಲಿಲ್ಲ’ ಅಂತ ಒತ್ತಿದೆ.
ಸುಳ್ಳೂ ಅಲ್ಲ.
ಜಯಶೀಲ ಕರ್ಕೇರ ನನಗ ಸಿಕ್ಕಿಲ್ಲ.

ಫುಟ್‌ಪಾಥ್ ಮ್ಯಾಲ ಕುಂತು ತಣ್ಣಗಿನ ಪಾವ್ ತಿಂದೆ,
ಹಿಂಡಿ ಹಚಗೊಂಡು.
ಮೂರೂಕಾಲರ ತನಕ ಫೋನ್ ಬರಲಿಲ್ಲ.
ಅಂದರ,
ಆಫ್ ಮಾಡಿಲ್ಲ.