ಗಂಟೆಗೆ ಒಂಬತ್ತು

ಮೂರು ಐವತ್ತು. ಅಲಾರಂ ಬಾಯಿಬಿಡುವ ಮೊದಲೇ
ಅದರ ಬಾಯಿ ಮುಚ್ಚುತ್ತೇನೆ.
ದೀಪ ಹಾಕುವುದಿಲ್ಲ;
ಕತ್ತಲಲ್ಲೇ ಲೇಸು ಕಟ್ಟಲು ಬೆರಳಿಗೆ ಕಲಿಸಿದ್ದೇನೆ.
ಮಗ್ಗುಲು ಬದಲಿಸುತ್ತ ಜಲಜಾಕ್ಷಿ, ನಿದ್ದೆಯೊಳಗಿಂದಲೇ:
"ಯಾರ್ ಅಟ್ಟಿಸ್ಕಂಡ್ ಬತ್ತಿದ್ರ್ ಮಾರಾಯ್ರೆ ನಿಮ್ನ?"
ಆರು ವರ್ಷದಿಂದ ಅದೇ ಪ್ರಶ್ನೆ.
ಮೆಲ್ಲಗೆ ಬಾಗಿಲೆಳೆದುಕೊಳ್ಳುವುದೇ
ಆರು ವರ್ಷದಿಂದ ನನ್ನ ಉತ್ತರ.

ಲಿಫ್ಟಿನ ಕನ್ನಡಿಯಲ್ಲಿ
ಹೊಟ್ಟೆ ಒಳಗೆಳೆದುಕೊಂಡು ನಿಂತ ಒಬ್ಬ ಗೃಹಸ್ಥ.
ಕೆಳಗೆ ಗಾಜಿನ ಬಾಗಿಲು ತಳ್ಳಿದರೆ
ಗಂಜಿ ಬಸಿಯುವಾಗ ಮುಖಕ್ಕೆ ಹೊಡೆಯುವ ಹಬೆ:
ಆಗಸ್ಟಿನ ಫಹಾಹೀಲ್.
ಕನ್ನಡಕ ಮಂಜಾಗುತ್ತದೆ. ಒರೆಸಿದರೆ ಮತ್ತೆ ಮಂಜು.
ಕಾಣದಿದ್ದರೂ ನಡೆದೀತು.
ಹೋಗುವಾಗ ಕಡಲು ಬಲಕ್ಕೆ,
ಬರುವಾಗ ಎದುರಿಗೆ ರಿಫೈನರಿಯ ಬೆಂಕಿ.

ನನ್ನ ಕೆಲಸ ಹೇಳಿದರೆ ನಗುತ್ತೀರಿ.
ಶುಐಬಾದ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕದವನು.
ಮೈನಸ್ ಹದಿನೆಂಟರಲ್ಲಿ, ಕರಡಿಯಂಥ ಜಾಕೆಟ್ಟಿನೊಳಗೆ ನಿಂತು
ಬ್ರೆಜಿಲಿನ ಕೋಳಿ, ವಿಯೆಟ್ನಾಮಿನ ಬಸಾ
ಪೆಟ್ಟಿಗೆ ಪೆಟ್ಟಿಗೆ ಎಣಿಸುತ್ತೇನೆ.
ಪೆನ್ನಿನ ಶಾಯಿ ಗಟ್ಟಿಯಾಗುತ್ತದೆ, ಅದಕ್ಕೆ ಪೆನ್ಸಿಲು.
ಬಲೆ ಎಳೆದವರ ಕುಲದವನ ಪಾಲಿಗೆ
ಕಲ್ಲಿನಂಥ ಮೀನು,
ಮೂಸಿದರೂ ವಾಸನೆಯಿಲ್ಲ.

ಡಾಕ್ಟರು ಸಕ್ಕರೆ ಅಂದದ್ದು ನಿಜ.
ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ,
ಮಾತು ಬೇಗ ಮುಗಿಯುತ್ತದೆ.
ಆದರೆ ಮೂರನೇ ಕಿಲೋಮೀಟರಿನ ಹತ್ತಿರ
ಬೆನ್ನುಮೂಳೆಯೊಳಗೆ ಏನೋ ಕರಗತೊಡಗುತ್ತದಲ್ಲ,
ಅದನ್ನು ಯಾವ ಡಾಕ್ಟರಿಗೂ ಹೇಳಿಲ್ಲ.
ಮೊದಲು ಕುತ್ತಿಗೆ, ಆಮೇಲೆ ಮೊಣಕೈ,
ಕಡೆಗೆ ಹುಬ್ಬು ದಾಟಿ ಕಣ್ಣಿಗಿಳಿಯುವ ಉಪ್ಪು.
ನನ್ನದೇ ಉಪ್ಪು.
ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲದ್ದು.

ನೋಖಾಲಿಯ ಶಫೀಕುಲ್ ಪೊರಕೆ ಎತ್ತಿ
ಟೋಲ್ ಗೇಟು ತೆರೆದಂತೆ ದಾರಿ ಬಿಡುತ್ತಾನೆ.
ಹಿಮ್ಮುಖ ನಡೆಯುವ ಈಜಿಪ್ಟಿನ ಮುದುಕ
ನಾನು ದೂರವಾಗುವವರೆಗೂ ನನ್ನನ್ನೇ ನೋಡುತ್ತಾನೆ.
ಸಲೂನಿನ ಹುಡುಗಿ ಮಾರಿವಿಕ್ ದಿನಾ ನನ್ನ ಹಿಂದೆ ಹಾಕುತ್ತಾಳೆ,
ದಿನಾ "ಸಾರಿ ಕುಯ್ಯಾ" ಎನ್ನುತ್ತಾಳೆ.
ಅದೇ ನೋವು.

ಕಳೆದ ಬುಧವಾರ ಪೊಲೀಸ್ ಜೀಪು ಬದಿಗೆ ಬಂತು.
ನೀಲಿ ಕೆಂಪು ದೀಪ ಒದ್ದೆ ಟೈಲ್ಸಿನ ಮೇಲೆ ಉರುಳಾಡಿತು.
"ವೇನ್ ರಾಯಿಹ್?" ಎಲ್ಲಿಗೆ?
ಈ ಊರಿನಲ್ಲಿ ನನ್ನಂಥವನು ಓಡುತ್ತಿದ್ದರೆ
ಬಸ್ಸು ತಪ್ಪಿರಬೇಕು, ಇಲ್ಲವೇ ಏನೋ ಕದ್ದಿರಬೇಕು.
ಕಾಲುಚೀಲದಿಂದ ಸಿವಿಲ್ ಐಡಿ ತೆಗೆದೆ,
ಪ್ಲಾಸ್ಟಿಕ್ಕಿನೊಳಗೂ ಬೆವರು.
ಮೀಸೆ ಈಗಷ್ಟೇ ಚಿಗುರಿದ ಹುಡುಗ, ಟಾರ್ಚು ಬಿಟ್ಟು ಓದಿದ:
"ಸುಬುರಾಯಾ... ಖಾರ್ಫಿ?"
ಖಾರ್ವಿ ಎಂದು ತಿದ್ದಲಿಲ್ಲ.
ಎಲ್ಲಿಗೂ ಇಲ್ಲ ಸಾರ್, ಅಂದೆ,
ಮರೀನಾದವರೆಗೆ ಹೋಗಿ ಇಲ್ಲಿಗೇ ಬರುವುದು.
ಮತ್ತೆ ನಿನ್ನನ್ನು ಅಟ್ಟಿಸಿಕೊಂಡು ಬರುತ್ತಿರುವವರು ಯಾರು? ಎಂದ.
ಕುಂದಾಪುರದ ಮಾತು ಅರಬ್ಬಿಯಲ್ಲಿ ಕೇಳಿ
ತಡೆಯಲಾಗದೆ ನಕ್ಕುಬಿಟ್ಟೆ.

ಕಾರ್ಡು ಕೊಟ್ಟ. ಓಡು, ಎಂದು ಕೈ ಮಾಡಿದ. ಓಡಿದೆ.
ಜೀಪೂ ಬಂತು, ಪಕ್ಕಪಕ್ಕಕ್ಕೇ, ಗಬ್ಬದ ಎಮ್ಮೆಯ ಹಾಗೆ.
ಕಿಟಕಿ ಇಳಿಸಿ, ಮೀಟರು ನೋಡಿ, ಕೂಗಿದ: "ತಿಸ್‌ಅ!"
ಒಂಬತ್ತು.
ಗಂಟೆಗೆ ಒಂಬತ್ತು.
ಮರ್ಯಾದೆಯ ಪ್ರಶ್ನೆ. ತೊಡೆ ಎತ್ತಿದೆ.
"ಅಶರಾ!" ಹತ್ತು.
ಹನ್ನೊಂದಕ್ಕೆ ಎದೆಗೂಡಿನೊಳಗೆ
ಆ ಹೆಪ್ಪುಗಟ್ಟಿದ ಕೋಳಿಗಳಲ್ಲೊಂದು ರೆಕ್ಕೆ ಬಡಿಯಿತು.
ಹನ್ನೆರಡನ್ನು ಅವನು ಹೇಳಲೇ ಇಲ್ಲ;
ಹಾರ್ನನ್ನು ಒಂದು ಸಲ ಒತ್ತಿ, ತಿರುಗಿಸಿಕೊಂಡು ಹೋದ.

ಬೇಲಿ ಹಿಡಿದು ಬಗ್ಗಿ ಬಹಳ ಹೊತ್ತು ಕೆಮ್ಮಿದೆ.
ಮಾರಿವಿಕ್ ದಾಟಿ ಹೋದಳು. ಸಾರಿ ಕುಯ್ಯಾ.

ಆ ದಿನ ಸ್ಟೋರಿನಲ್ಲಿ ಎಣಿಕೆ ಎರಡು ಸಲ ತಪ್ಪಿತು.
ರಿಜಿಸ್ಟರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಹನ್ನೊಂದು ಎಂದು ಬರೆದು
ಯಾವ ಪೆಟ್ಟಿಗೆಯದು ಎಂದು ಯಾರಾದರೂ ಕೇಳಿಯಾರೆಂದು ಅಳಿಸಿದೆ.
ಜಲಜಾಕ್ಷಿಗೆ ಹೇಳಿಲ್ಲ.
ಹೇಳಿದರೆ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ: ಪೊಲೀಸು.
ನಾಳೆ ಮೂರು ಐವತ್ತಕ್ಕೆ
ಅವಳು ಮತ್ತೆ ಕೇಳಬೇಕು,
ನಾನು ಮೆಲ್ಲಗೆ ಬಾಗಿಲೆಳೆದುಕೊಳ್ಳಬೇಕು.