ಹದಿನಾಲ್ಕು ವ್ಯಾಟ್

ಟ್ರಾಮು ನಿಂತ ವರ್ಷ ಶುರುವಾದ ತಂಡ,
ಅದಕ್ಕೇ ಹೆಸರು ಲಾಸ್ಟ್ ಟ್ರಾಮ್ಸ್.
ನಾಲ್ಕು ಜನ, ಎರಡು ಗಿಟಾರು,
ಬೇಸಿನ ತಂತಿ ಯಾರದೋ ಸತ್ತ ಪಿಯಾನೊದಿಂದ ಕಿತ್ತದ್ದು.
ನಾನು ಐದನೆಯವನು ಅಂತ ಯಾರೂ ಅಂದದ್ದಿಲ್ಲ.
ಲ್ಯಾಮಿಂಗ್ಟನ್ ರೋಡಿನ ಪೆಸ್ತನ್ ರೇಡಿಯೊ ಅಂಗಡಿಯ ಅಟ್ಟದಲ್ಲಿ
ಬೆಸುಗೆ ಕಡ್ಡಿ ಹಿಡಿದು ಕೂತ ಕಾರವಾರದ ಹುಡುಗ.

ವಿಲಾಯತಿ ಆಂಪ್ಲಿಫೈಯರು ಕಸ್ಟಮ್ಸಿನ ಕಟಕಟೆಯಾಚೆ.
ಈಚೆ ನಾವು:
ಕೆಟ್ಟ ವಾಲ್ವ್ ರೇಡಿಯೊಗಳ ಹೊಟ್ಟೆ ಬಗೆದು
ಚಹಾ ಪೆಟ್ಟಿಗೆಗೆ ಮೊಳೆ ಹೊಡೆದು ಮೇಲೆ ಕಪ್ಪು ರೆಕ್ಸಿನ್ ಹೊದಿಸಿ
ತಗೊಳ್ಳಿ, ಇಪ್ಪತ್ತು ವ್ಯಾಟ್, ಅಂದೆವು.
ಹದಿನಾಲ್ಕಿತ್ತು.

ಗಿಟಾರಿನ ಜಾಲ್ ಮೆಟ್ಟಿಲು ಹತ್ತಿ ಬರುವನು,
ಶರ್ಟಿನೊಳಗೆ ಸದರಾ, ಕಿವಿ ಮುಚ್ಚುವ ಕೂದಲು.
'ಸೌಂಡ್ ಫಟನಾ ಮಾಂಗತಾ, ದೋಸ್ತ್.'
ಹರಿಯಬೇಕು, ಅಂದುಕೊಂಡೆ ನನ್ನ ಭಾಷೆಯಲ್ಲಿ.
ನಮ್ಮಲ್ಲಿ ನೀರೂ ಹರಿಯುತ್ತದೆ, ಬಟ್ಟೆಯೂ.
ಸೇಠ್ ಕಲಿಸಿದ್ದೋ ಬೇರೆ:
ಗೊರಗೊರ ಬಂದರೆ ರಿಪೇರಿ,
ಗೊರಗೊರ ಹೋದರೆ ಬಿಲ್ಲು.

ರಾತ್ರಿ ಫೋರ್ಟಿನ ಕನ್ನಡ ಶಾಲೆ.
ಹೋಟೆಲಿನ ಕ್ಲೀನರುಗಳು, ಬ್ಯಾಂಕಿನ ಪ್ಯೂನು, ನಾನು,
ಎಲ್ಲರ ಅಂಗಿಯಲ್ಲೂ ಅವರವರ ಕೆಲಸದ ವಾಸನೆ.
ಐನಾಪುರ ಮಾಸ್ತರರು ಬೋರ್ಡಿನ ಮೇಲೆ
ಲೋಪ, ಆಗಮ, ಆದೇಶ.
ಎರಡು ಸ್ವರ ಎದುರಾದರೆ ಒಂದು ಬಿದ್ದುಹೋಗುತ್ತದೆ,
ಇಲ್ಲವೆ ಕರೆಯದೆ ಮೂರನೆಯದು ಬಂದು ನಡುವೆ ನಿಲ್ಲುತ್ತದೆ.
ತೂಕಡಿಸುತ್ತಲೇ ಬರೆದುಕೊಂಡೆ.

ಒಂದು ಶನಿವಾರ ಹನ್ನೊಂದರ ಮೇಲೆ ಇನಾಸ್ ಓಡಿಬಂದ,
ಡ್ರಮ್ಮಿನವನು, ಧೋಬಿ ತಲಾವಿನ ಕುಡ್ಡಿನಲ್ಲಿ ವಾಸ
(ನಲವತ್ತು ಟ್ರಂಕು, ಒಬ್ಬ ಏಸು, ಒಂದೇ ನಲ್ಲಿ).
ಸ್ಪೀಕರಿನ ಕೋನು ಬೆರಳುದ್ದ ಸೀಳಿದೆ, ಬೆಳಗ್ಗೆ ಕಾರ್ಯಕ್ರಮ.
ಅಂಟು ಸೇಠನ ಬೀಗದೊಳಗೆ.
ಖಾನಾವಳಿಯ ಬಾಗಿಲು ಬಡಿದು ಗಂಜಿ ಬೇಡಿದೆ,
ನೋಟ್‌ಬುಕ್ಕಿನ ಹಾಳೆ ಹರಿದೆ,
ಯಾವ ಹಾಳೆ ಅಂತ ನೋಡಲಿಲ್ಲ.

ಚರ್ಚ್‌ಗೇಟು. ಭಾನುವಾರ. ಪಾನನಿಷೇಧದ ಊರು,
ಕೋಲ್ಡ್ ಕಾಫಿ ಕುಡಿದೇ ಅಮಲೇರಿದ ಕಾಲೇಜು ಮಕ್ಕಳು.
ಯೂಲಾಲಿಯಾ ಬಂದಳು. ವಾರವಿಡೀ ಹಡಗು ಕಂಪನಿಯಲ್ಲಿ
ಟೈಪು ಕುಟ್ಟುವ ಬೆರಳು ಮೈಕಿಗೆ ಸುತ್ತಿದಳು.
ಹಾಡು ಅವಳದಲ್ಲ. ಸಮುದ್ರದಾಚೆ
ಕಾರು ಕಟ್ಟುವ ಊರಿನ ಕಪ್ಪು ಹುಡುಗಿಯರು
ಇಗರ್ಜಿಯಲ್ಲಿ ಕಲಿತು ಬೀದಿಗೆ ತಂದ ಕೂಗು.
ಶಾರ್ಟ್‌ವೇವಿನಲ್ಲಿ ಮುಳುಗುತ್ತ ಏಳುತ್ತ ಬಂದದ್ದು.
ಮುಳುಗಿದ ಮಾತಿನ ಜಾಗಕ್ಕೆ ಅವಳು
ತನ್ನ ಕೊಂಕಣಿ ತುಂಬಿದ್ದಳು: ಮೀನು, ಬಾಕಿ ಬಾಡಿಗೆ,
ಅಪ್ಪ ಬರುವ ಹಡಗು.
ಯಾರಿಗೂ ತಿಳಿಯಲಿಲ್ಲ.
ನಾನು ಕಾರವಾರದವನು.

ಆಮೇಲೆ ಗಂಟಲು ಬಿಟ್ಟಳು.
ಕೋನು ಮುಂದೆ ಬಂತು, ಹಿಂದೆ ಹೋಯಿತು.
ಜಾಲರಿಯ ಹಿಂದೆ ನನ್ನದೇ ಕೈಬರಹ,
ಲೋಪ ಲೋಪ ಲೋಪ ಎಂದು ನಡುಗುವುದು
ವೇದಿಕೆಯ ಪಕ್ಕ ಕುಕ್ಕರಗಾಲಲ್ಲಿ ಕೂತವನಿಗೆ ಮಾತ್ರ ಕಂಡಿತು.
ಸೌಂಡು ಹರಿಯಿತು.
ಗೊರಗೊರ ಅಲ್ಲ. ಹೇಗೆ ಹೇಳಲಿ,
ತೊಟ್ಟಿಲು ಕಟ್ಟಲು ಹಳೆ ಸೀರೆ ಸೀಳುವಾಗ
ಒಂದು ಸದ್ದು ಬರುತ್ತದಲ್ಲ, ಅದು.
ಜಾಲ್ ತಿರುಗಿ ನೋಡಿದ. ನುಡಿಸುವುದು ನಿಲ್ಲಿಸಲಿಲ್ಲ.

ಮುಂದೆ ಒಂದು ರೆಕಾರ್ಡು ಬಂತು, ಎರಡು ಬದಿ, ಎರಡು ಹಾಡು.
ಸ್ಟುಡಿಯೊದವರು ಒಳ್ಳೆಯ ಸ್ಪೀಕರು ಕೊಟ್ಟರಂತೆ.
ಕೇಳಿದೆ. ತೊಳೆದ ಗಾಜು.
ಈಗ ಕಿವಿಗೆ ಯಂತ್ರ ಹಾಕಿದ ಹುಡುಗಿಯೂ ಕೇಳುತ್ತಾಳೆ,
ಸದ್ದು ಕ್ಲೀನ್ ಇದೆಯಾ ಅಂಕಲ್?
ಇದೆ ಮಗಳೇ, ಇದೆ.

ಆ ಸೋಮವಾರ ಮಾಸ್ತರರು ನೋಟ್‌ಬುಕ್ಕು ತಿರುವಿದರು.
ಸಂಧಿಯ ಹಾಳೆ ಎಲ್ಲಿ?
ಚರ್ಚ್‌ಗೇಟಿನಲ್ಲಿದೆ ಸರ್, ಅಂದೆ.
ಬೆಂಚಿನ ಮೇಲೆ ನಿಲ್ಲಿಸಿದರು.